ಏಳು ದೇಶ ಬೇಡ, ಒಂದು ಊರು ಸಾಕು

ಡೌನರ್ಸ್ ಗ್ರೋವ್ ರೈಲು ನಿಲ್ದಾಣದಿಂದ ಎರಡು ನಿಮಿಷ ನಡೆದರೆ, ಬೇಕರಿಗೂ ಕನ್ನಡಕದ ಅಂಗಡಿಗೂ ನಡುವೆ ಷಹನಾಜ್‌ಳ ಹೊಲಿಗೆ ಅಂಗಡಿ ಸಿಗುತ್ತದೆ. ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಇದ್ದದ್ದನ್ನು ಗಿಡ್ಡ, ಉದ್ದ, ಬಿಗಿ, ಸಡಿಲ ಮಾಡಿಕೊಡುವುದೇ ಕೆಲಸ. ಬೆಳಗಿನ ರೈಲಿಗೆ ಓಡುವವರು ಜಿಪ್ ಕಿತ್ತ ಪ್ಯಾಂಟನ್ನು ಕೌಂಟರ್ ಮೇಲೆ ಎಸೆದು ಹೋಗುತ್ತಾರೆ, ಸಂಜೆ ಇಳಿದಾಗ ಒಯ್ಯುತ್ತಾರೆ. ಇಪ್ಪತ್ತೊಂದು ವರ್ಷದಿಂದ ಹೀಗೆಯೇ ನಡೆದಿದೆ.

ಅಷ್ಟು ವರ್ಷಗಳಲ್ಲಿ ಅವಳು ಊರಿನ ಅರ್ಧ ಜನರನ್ನು ರಜೆಗೆ ಕಳಿಸಿಕೊಟ್ಟಿದ್ದಾಳೆ. ಹಡಗಿನಲ್ಲಿ ವಿಹಾರಕ್ಕೆ ಹೊರಟವರ ಗೌನಿನ ಅಂಚು ಮಡಚಿದ್ದಾಳೆ, ಕೊಲರಾಡೋದಲ್ಲಿ ಹಿಮದ ಮೇಲೆ ಜಾರುವವರ ಜಾಕೆಟ್ಟಿಗೆ ಗುಂಡಿ ಹಚ್ಚಿದ್ದಾಳೆ. ತಾನು ಹೋಗಿದ್ದು ಮೂರು ನಾಲ್ಕು ವರ್ಷಕ್ಕೊಮ್ಮೆ ರಾಣೆಬೆನ್ನೂರಿಗೆ ಮಾತ್ರ, ಅದೂ ಯಾರದಾದರೂ ಮದುವೆಗೆ. ಒಮ್ಮೆ ನಯಾಗರಾಕ್ಕೂ ಹೋಗಿದ್ದಳು. ಅವತ್ತು ಮಂಜು ಕವಿದು, ಜಲಪಾತದ ಸದ್ದನ್ನಷ್ಟೇ ಕೇಳಿ ಬಂದಿದ್ದಳು.

ಹೋದ ಫೆಬ್ರವರಿಯಲ್ಲಿ ರೋಸ್‌ಮರಿ ಎಂಬ ಎಂಬತ್ತು ದಾಟಿದ ಗಿರಾಕಿ ಒಂದು ಪೆಟ್ಟಿಗೆ ಹಿಡಿದು ಬಂದಳು. ಒಳಗೆ ಅವಳ ತಾಯಿಯ ಹಬ್ಬದ ದಿರಿಸು: ಬಿಗಿಯಾದ ರವಿಕೆ, ಒತ್ತೊತ್ತಾದ ನೆರಿಗೆಯ ಲಂಗ, ಮೇಲೊಂದು ರೇಷ್ಮೆಯ ಏಪ್ರನ್. ತಾಯಿ ಆಸ್ಟ್ರಿಯಾದ ಟಿರೋಲ್ ಪ್ರಾಂತದ ಒಂದು ಕಣಿವೆಯವಳು. ಈಗ ರೋಸ್‌ಮರಿಯ ಮೊಮ್ಮಗಳು ಅದನ್ನು ತನ್ನ ಮದುವೆಯ ಮರುದಿನ ಉಡಬೇಕಂತೆ, ಸಡಿಲ ಮಾಡಿಕೊಡಬೇಕು.

ಷಹನಾಜ್ ರವಿಕೆಯನ್ನು ತಿರುಗಿಸಿ ನೋಡಿದಳು. ಹೊಲಿಗೆಯ ಒಳಗೆ ಮೂರು ಬೆರಳಿನಷ್ಟು ಬಟ್ಟೆ ಮಡಚಿ ಬಿಟ್ಟಿತ್ತು.

"ಹೊಲಿದಾಕೆಗೆ ಮೊಮ್ಮಕ್ಕಳು ಬರುತ್ತಾರೆಂದು ಗೊತ್ತಿತ್ತು," ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಾಗ ಮುದುಕಿ ಜೋರಾಗಿ ನಕ್ಕು, ಪರ್ಸಿನಿಂದ ಒಂದು ಫೋಟೋ ತೆಗೆದಳು. ಬೇಸಿಗೆಯೆಲ್ಲ ಬೆಟ್ಟದ ಮೇಲೆ ಮೇಯ್ದ ಹಸುಗಳು ಸೆಪ್ಟೆಂಬರಿನಲ್ಲಿ ಕಣಿವೆಗೆ ಇಳಿದು ಬರುವ ದಿನದ ಫೋಟೋ. ಹಸುಗಳ ತಲೆಯ ಮೇಲೆ ಮೊಳದೆತ್ತರದ ಹೂವಿನ ಕಿರೀಟ, ಕೊರಳಲ್ಲಿ ತಂಬಿಗೆಯಷ್ಟು ದೊಡ್ಡ ಗಂಟೆ. ಹಿಂದೆ ಕಪ್ಪು ಕಲ್ಲಿನ ಬೆಟ್ಟ, ನೆತ್ತಿಗೆ ಆಗಲೇ ಹಿಮ.

ಆ ಸಂಜೆ ಪ್ಲೇನ್‌ಫೀಲ್ಡಿನ ಮನೆಯಲ್ಲಿ ರೊಟ್ಟಿ ಬಡಿಸುತ್ತ ಷಹನಾಜ್ ಹೇಳಿದಳು, "ರೀ, ಈ ವರ್ಷ ನಾವು ರಜಾಕ್ಕ ಹೋಗೂಣು."

ಗಂಡ ಹಫೀಜ್ ಇಟಾಸ್ಕಾದ ಒಂದು ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್. ಅವನಿಗೆ ಖುಷಿಯಾಯಿತು. "ನಾನೂ ಅದನ್ನ ಹೇಳಾವಿದ್ದೆ. ನಮ್ಮ ಆಫೀಸಿನ ಈರೇಶ್ ಒಂದು ಟೂರ್ ಪ್ಲಾನ್ ಮಾಡ್ಯಾನ. ಒಂಬತ್ತು ದಿನ, ಏಳು ದೇಶ! ಸ್ವಿಟ್ಜರ್ಲ್ಯಾಂಡಿಗೇ ಒಂದೂವರೆ ದಿನ ಇಟ್ಟಾನ."

"ಒಂದೂವರೆ ದಿನ ನನಗ ಒಂದು ಲೆಹಂಗಾದ ಅಂಚಿಗೇ ಬೇಕಾಗತೈತಿ. ನನಗ ಏಳು ದೇಶ ಬ್ಯಾಡ. ಒಂದು ಊರು ಸಾಕು, ಆಸ್ಟ್ರಿಯಾದಾಗ ರೋಸ್‌ಮರಿ ಅವ್ವನ ಊರು."

"ಅಲ್ಲಿ ನೋಡೂದು ಏನೈತಿ?"

"ಆಕಳು."

ಹಫೀಜ್ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. "ಆಕಳು ನೋಡಾಕ ಆಸ್ಟ್ರಿಯಾಕ್ಕ ಹೋಗಬೇಕೇನ? ನಡಿ, ನಾಳೆನ ವಿಸ್ಕಾನ್ಸಿನ್ನಿಗೆ ಡ್ರೈವ್ ಮಾಡ್ತೀನಿ. ಎರಡು ತಾಸು, ಬೇಕಾದಷ್ಟು ಆಕಳು!"

ಮಾತು ಒಂದು ವಾರ ನಡೆಯಿತು. ಕೊನೆಗೆ ಡೆಟ್ರಾಯಿಟ್ ಕಡೆ ಫಾರ್ಮಸಿಸ್ಟ್ ಆಗಿರುವ ಮಗಳು ಆಯತ್‌ಗೆ ಫೋನ್ ಹೋಯಿತು. ಅವಳು ಎರಡೂ ಕಡೆಯ ವಾದವನ್ನು ಸ್ಪೀಕರಿನಲ್ಲಿ ಕೇಳಿ, "ಅಬ್ಬಾ, ಲೆಟ್ ಹರ್ ಹ್ಯಾವ್ ದಿಸ್ ಒನ್," ಎಂದು ಅಪ್ಪನಿಗೆ ಹೇಳಿ ಅಮ್ಮನ ಪರ ತೀರ್ಪು ಕೊಟ್ಟಳು.

ರೋಸ್‌ಮರಿಯ ದೂರದ ಬಂಧು ಮಾರಿಯಾ ಆ ಕಣಿವೆಯಲ್ಲಿ ಹಸು ಸಾಕುತ್ತಾಳೆ, ಮಹಡಿಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾಳೆ. ಅವಳಿಗೆ ಇಮೇಲ್ ಹೋಯಿತು. ಜರ್ಮನ್ನಿನಲ್ಲಿ ಬಂದ ಉತ್ತರವನ್ನು ಕಂಪ್ಯೂಟರ್ ಇಂಗ್ಲಿಷಿಗೆ ಇಳಿಸಿದಾಗ, 'ನಿಮ್ಮ ಹಾಸಿಗೆ ಕೊಟ್ಟಿಗೆಯನ್ನು ನೋಡುತ್ತದೆ' ಎಂದಿತ್ತು. ಕೋಣೆಯಲ್ಲಿ ಒಲೆಯಿದೆ ಎಂದು ಓದಿದ್ದೇ ತಡ, ಷಹನಾಜ್ ಒಯ್ಯಬೇಕಾದ ಸಾಮಾನಿನ ಪಟ್ಟಿಯಲ್ಲಿ ರವೆ, ಶೇಂಗಾ ಚಟ್ನಿಪುಡಿ ಬರೆದುಕೊಂಡಳು.

ಹಫೀಜ್‌ಗೆ ಬೇಕಾಗಿದ್ದು ತಾರೀಖು. ಹಸುಗಳು ಯಾವತ್ತು, ಎಷ್ಟು ಗಂಟೆಗೆ ಇಳಿಯುತ್ತವೆ? ಮಾರಿಯಾಳ ಉತ್ತರ ಬಂತು: 'ಹುಲ್ಲು ಮುಗಿದಾಗ, ಇಲ್ಲವೇ ಹಿಮ ಬಿದ್ದಾಗ. ಹೆಚ್ಚಾಗಿ ಸೆಪ್ಟೆಂಬರಿನ ಮೂರನೆಯ ಶನಿವಾರ.'

"ಹೆಚ್ಚಾಗಿ ಅಂದ್ರ ಏನು? ಹೆಚ್ಚಾಗಿ ಅಂತ ವಿಮಾನದ ಟಿಕೆಟ್ ಕೊಡ್ತಾರೇನ?"

ಆದರೂ ಟಿಕೆಟ್ ಬುಕ್ ಮಾಡಿದ್ದು ಅವನೇ, ಶನಿವಾರದ ಆಚೆ ಈಚೆ ನಾಲ್ಕು ನಾಲ್ಕು ದಿನ ಬಿಟ್ಟುಕೊಂಡು. ಷಹನಾಜ್‌ಳ ತೊಡಕು ಬೇರೆ. ಸೆಪ್ಟೆಂಬರ್ ಅಂದರೆ ಹೈಸ್ಕೂಲು ಹುಡುಗಿಯರ ಹೋಮ್‌ಕಮಿಂಗ್ ಡ್ಯಾನ್ಸಿನ ಕಾಲ. ಅಂಗಡಿಯ ತುಂಬ ಮಿನುಗುವ ಡ್ರೆಸ್ಸುಗಳು ನೇತಾಡುವ ತಿಂಗಳು. ಅವಳು ಜುಲೈನಲ್ಲೇ ಬಾಗಿಲಿಗೆ ಚೀಟಿ ಅಂಟಿಸಿದಳು: ಡ್ರೆಸ್ಸುಗಳನ್ನು ಆಗಸ್ಟಿನೊಳಗೆ ತನ್ನಿ, ಸೆಪ್ಟೆಂಬರಿನಲ್ಲಿ ಒಂಬತ್ತು ದಿನ ಅಂಗಡಿ ಮುಚ್ಚಿರುತ್ತದೆ. ತಾಯಂದಿರು ಗೊಣಗಿದರು, ಆದರೆ ತಂದರು. ಆಗಸ್ಟಿನಲ್ಲಿ ಅವಳು ಒಂದು ದಿನವೂ ರಾತ್ರಿ ಒಂಬತ್ತು ಗಂಟೆಗೆ ಮುಂಚೆ ಮನೆ ಸೇರಲಿಲ್ಲ.

ಅಷ್ಟರಲ್ಲಿ ಹಫೀಜ್‌ಗೆ ಹೊಸ ಹುಚ್ಚು ಹಿಡಿದಿತ್ತು. ಆ ಕಣಿವೆಗೆ ತಿರುಗಿಸಿಟ್ಟ ಒಂದು ಕ್ಯಾಮೆರಾ ಇಂಟರ್ನೆಟ್ಟಿನಲ್ಲಿದೆಯೆಂದು ಕಂಡುಹಿಡಿದಿದ್ದ. ಊಟದ ಬಿಡುವಿನಲ್ಲಿ ಅದನ್ನು ತೆರೆದು ಕೂತು ಹೆಂಡತಿಗೆ ಫೋನ್ ಮಾಡುತ್ತಿದ್ದ. "ಇವತ್ತ ಮಳಿ ಐತಿ ನೋಡು. ಹುಲ್ಲು ಚಲೋ ಬರತೈತಿ." ಏಳು ದೇಶದ ಸುದ್ದಿಯನ್ನು ಅವನು ಎತ್ತಲೇ ಇಲ್ಲ.

ಆಗಸ್ಟ್ ಕೊನೆಯಲ್ಲಿ ಮಾರಿಯಾಳ ಇನ್ನೊಂದು ಇಮೇಲ್ ಬಂತು. ಬೆಟ್ಟದ ಮೇಲೆ ಸಿಡಿಲು ಬಡಿದು ಎರಡು ಹಸುಗಳು ಸತ್ತಿವೆ. ಅಂಥ ವರ್ಷ ನಮ್ಮ ಮನೆಯ ಹಸುಗಳಿಗೆ ಹೂವು ಮುಡಿಸುವುದಿಲ್ಲ, ದೊಡ್ಡ ಗಂಟೆ ಕಟ್ಟುವುದಿಲ್ಲ. ಸುಮ್ಮನೆ ಇಳಿಸಿಕೊಂಡು ಬರುತ್ತೇವೆ. ನೀವು ಅಷ್ಟು ದೂರದಿಂದ ಹೂವು ನೋಡಲು ಬರುವವರು, ಮೊದಲೇ ತಿಳಿಸಬೇಕು ಅನ್ನಿಸಿತು.

ಷಹನಾಜ್ ಅದನ್ನು ಅಂಗಡಿಯಲ್ಲೇ ಓದಿದಳು. ಎದುರಿಗಿದ್ದ ನೀಲಿ ಡ್ರೆಸ್ಸಿನ ಅಂಚಿನಲ್ಲಿ ಅವತ್ತು ಎರಡು ಸಲ ತಪ್ಪು ಹೊಲಿಗೆ ಬಿತ್ತು.

ಮನೆಗೆ ಬಂದರೆ, ಇಮೇಲನ್ನು ತಾನೂ ಓದಿದ್ದ ಹಫೀಜ್ ಆಗಲೇ ದಾರಿ ಹುಡುಕಿಟ್ಟಿದ್ದ. "ಪಕ್ಕದ ಕಣಿವಿಯಾಗ ಹೂವು ಹಾಕ್ತಾರಂತ. ಬಸ್ಸಿಗೆ ನಲವತ್ತು ಮಿನಿಟು. ರೂಮೂ ನೋಡೇನಿ."

ಆ ಫೋಟೋದ ಹೂವಿಗಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಬಿಡಲು ಷಹನಾಜ್‌ಗೆ ಸಂಕಟವಾಯಿತು.

"ಅವರು ಬರಬ್ಯಾಡ್ರಿ ಅಂದಿಲ್ಲ," ಎಂದಳು ಕೊನೆಗೆ. "ಇದ್ದದ್ದು ಇದ್ದಂಗ ಹೇಳ್ಯಾರ. ಅಂಥವರ ಮನೀ ಬಿಟ್ಟು ಬ್ಯಾರೆ ಮನೀ ಹುಡುಕೂದು ನಮಗ ಶೋಭಾ ಅಲ್ಲ."

"ಹೂವು?"

"ಇನ್ನೊಂದು ವರ್ಷ ನೋಡೂಣು ಬಿಡ್ರಿ."

ಹಫೀಜ್ ಎದ್ದು ಕಂಪ್ಯೂಟರಿನ ಮುಂದೆ ಕೂತ. ಉತ್ತರ ಅವನೇ ಬರೆದ: ನಾವು ಬರುತ್ತೇವೆ. ನಿಮ್ಮ ಹಸುಗಳ ವಿಷಯ ಕೇಳಿ ಬೇಸರವಾಯಿತು.

ಮೂರನೆಯ ಶನಿವಾರವೇ ಹಸುಗಳು ಇಳಿದವು. ಬೆಳಿಗ್ಗೆ ಐದು ಡಿಗ್ರಿ ಸೆಲ್ಸಿಯಸ್ ಚಳಿ. ಮುಂದೆ ಮಾರಿಯಾ, ಅವಳ ತಮ್ಮ. ಹಿಂದೆ ಸಾಲಾಗಿ ಇಪ್ಪತ್ತಾರು ಹಸು. ರಸ್ತೆ ಪಕ್ಕ ನಿಂತಿದ್ದ ಊರಿನವರು ಟೋಪಿ ತೆಗೆದರು. ಗೊರಸಿನ ಸದ್ದು ಬಿಟ್ಟರೆ ಏನೂ ಇಲ್ಲ. ಷಹನಾಜ್ ಫೋನನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಹಸುಗಳು ಎಷ್ಟು ಹತ್ತಿರ ಹಾದುಹೋದವೆಂದರೆ ಅವುಗಳ ಬಿಸಿ ಉಸಿರು ಅವಳ ಕೈಗೆ ತಾಗುತ್ತಿತ್ತು.

ಕೊನೆಯಲ್ಲಿದ್ದ ಒಂದು ಕಂದು ಕರು ಹಫೀಜ್‌ನ ಎದುರು ನಿಂತುಬಿಟ್ಟಿತು. ಮಾರಿಯಾಳ ತಮ್ಮ ಮುಂದಿನಿಂದ ಕೂಗಿದ, ಅದು ಕದಲಲಿಲ್ಲ. ಹಫೀಜ್ ಅತ್ತ ಇತ್ತ ನೋಡಿ, ಅದರ ಬೆನ್ನ ಮೇಲೆ ಕೈಯಿಟ್ಟು, "ನಡೀ ತಂಗಿ, ಮನೀ ಬಂತು," ಎಂದ. ಕರು ಕಿವಿ ಆಡಿಸಿ ಹೆಜ್ಜೆ ಹಾಕಿತು. ಅವನೂ ಅದರ ಜೊತೆಗೆ ನಡೆದ. ಕೊಟ್ಟಿಗೆಯವರೆಗೂ ಮಾತಾಡುತ್ತಲೇ ಹೋದ ಗಂಡನ ಹಿಂದೆ ಷಹನಾಜ್, ಮಳೆ ಬಂದೀತೆಂದು ತಂದಿದ್ದ ಎರಡೂ ಕೊಡೆ ಹಿಡಿದುಕೊಂಡು, ಸಗಣಿ ತುಳಿಯದಂತೆ ನೋಡಿಕೊಂಡು ನಡೆದಳು.