ರೈಟ್ ಅಂದರೆ ಬಲಗಡೆ ಅಲ್ಲ

ಬಸವೇಶ್ವರನಗರದ ನಮ್ಮ ಮನೆ ಮೂವತ್ತು-ನಲವತ್ತರ ಸೈಟಿನದು. ಕಟ್ಟಿಸುವಾಗ ಕಾರಿಗೆಂದು ಮುಂದೆ ಜಾಗ ಬಿಟ್ಟಿದ್ದರು. ಆದರೆ ಕಾರು ಬರುವುದರೊಳಗೆ ಆ ಜಾಗಕ್ಕೆ ಬೇರೆಲ್ಲ ಬಂದು ಸೇರಿಕೊಂಡಿತ್ತು. ಒಂದು ಕಡೆ ಮೇಲಿನ ಬಾಡಿಗೆಯವರ ಮೆಟ್ಟಿಲು, ಇನ್ನೊಂದು ಕಡೆ ಗೋಡೆಗೆ ಕರೆಂಟು ಮೀಟರುಗಳ ಪೆಟ್ಟಿಗೆ, ಗೇಟಿನ ಒಳಗಡೆಯೇ ನೆಲದಲ್ಲಿ ನೀರಿನ ಸಂಪು, ಹಿಂದೆ ಮುಂಬಾಗಿಲಿಗೆ ಹತ್ತುವ ಮೂರು ಮೆಟ್ಟಿಲು. ಇವೆಲ್ಲ ಕಳೆದು ಮಿಕ್ಕಿದ್ದು ಕಾರಿಗೆ. ಸಂಪಿನ ಮೇಲೆ ನಿಲ್ಲಿಸೋಣ ಅಂದರೆ ಕಾವೇರಿ ನೀರು ಬರುವ ದಿನ ಕಬ್ಬಿಣದ ಮುಚ್ಚಳ ತೆಗೆದು ನೋಡಬೇಕು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ, ಟೇಪು ಹಿಡಿದು ಅಳೆದೇ ಹೇಳುತ್ತಿದ್ದೇನೆ. ಆ ಜಾಗದಲ್ಲಿ ಕಾರು ನಿಲ್ಲಿಸುವುದಕ್ಕಿಂತ ಹತ್ತನೇ ಕ್ಲಾಸಿನ ಮಕ್ಕಳಿಗೆ ಪ್ರಮೇಯ ತಲೆಗೆ ಹತ್ತಿಸುವುದು ಸುಲಭ.

ನಾನು ಕಾರು ಕಲಿತದ್ದು ನಲವತ್ತನಾಲ್ಕನೇ ವಯಸ್ಸಿಗೆ. ಶಾಲೆ ಇರುವುದು ಶ್ರೀಗಂಧದ ಕಾವಲ್‌ನಲ್ಲಿ. ಕಾಮಾಕ್ಷಿಪಾಳ್ಯದಲ್ಲಿ ಇಳಿದು, ಇನ್ನೊಂದು ಬಸ್ಸು ಕಾದು, ನಿಂತುಕೊಂಡೇ ಹೋಗಿ ಹೋಗಿ ಮಂಡಿ ಮಾತಾಡಲು ಶುರು ಮಾಡಿತ್ತು. ನಮ್ಮನೆಯವರು ಮೆಟ್ರೋದಲ್ಲಿ ಓಡಾಡುವವರು, ಅವರಿಗೆ ಸ್ಟೇರಿಂಗ್ ಹಿಡಿಯುವ ಆಸೆಯೇ ಇಲ್ಲ. ಹಾಗಾಗಿ ಕಾರು ಬಂದಾಗ ಅದು ನನ್ನ ತಲೆಗೇ ಬಂತು. ರಿವರ್ಸ್ ಹಾಕಿಸುವ ಕೆಲಸವನ್ನು ನಮ್ಮ ಮಾವ ಯಾರೂ ಕೇಳದೆಯೇ ವಹಿಸಿಕೊಂಡರು.

ಮಾವ ದಾವಣಗೆರೆ ಕಡೆಯವರು. ಮೂವತ್ತು ಚಿಲ್ಲರೆ ವರ್ಷ ಬೆಂಗಳೂರಿನ ಬಸ್ ಡಿಪೋದಲ್ಲಿ ಕೆಲಸ ಮಾಡಿ, ಇನ್‌ಸ್ಪೆಕ್ಟರಾಗಿ ರಿಟೈರಾದವರು. ಬಿಳಿ ಪಂಚೆ, ಹಣೆಗೆ ವಿಭೂತಿ, ದನಿ ಮಾತ್ರ ಡಿಪೋದ್ದೇ. ಮೊದಲನೇ ವಾರ ನಾನು ಹಿಂದಕ್ಕೆ ತರುತ್ತಿದ್ದೇನೆ, ಅವರು ಮೆಟ್ಟಿಲ ಮೇಲೆ ನಿಂತು “ರೈಟ್, ರೈಟ್, ರೈಟ್” ಅನ್ನುತ್ತಿದ್ದಾರೆ. ನಾನು ಪಾಪ, ಹಿರಿಯರು ಹೇಳುತ್ತಿದ್ದಾರಲ್ಲ ಎಂದು ಸ್ಟೇರಿಂಗನ್ನು ಬಲಗಡೆಗೆ ಪೂರಾ ತಿರುಗಿಸಿದೆ. ಬಾಡಿಗೆಯವರ ಮೆಟ್ಟಿಲಿನ ಕಂಬಿ ಹೊಸ ಕಾರಿನ ಹಿಂದಿನ ಬಾಗಿಲನ್ನು ಉದ್ದಕ್ಕೂ ಗೀರಿತು.

“ರೈಟ್ ಅಂದ್ರಲ್ಲ ಮಾವ!”

“ರೈಟ್ ಅಂದ್ರೆ ಹೋಗು ಅಂತ ಕಣಮ್ಮ! ಬಲಗಡೆ ತಿರುಗ್ಸು ಅಂತ ಯಾರಂದ್ರು?”

“ಊರಲ್ಲಿ ಎಲ್ರಿಗೂ ರೈಟ್ ಅಂದ್ರೆ ಬಲಗಡೆ.”

“ನೀನು ಬಸ್ಸಲ್ಲಿ ಓಡಾಡಿಲ್ವಾ? ಕಂಡಕ್ಟರ್ ರೈಟ್ ಅಂದಾಗೆಲ್ಲ ಡ್ರೈವರ್ ಬಲಗಡೆ ತಿರುಗ್ಸಿದ್ರೆ ಬಸ್ಸು ಮೆಜೆಸ್ಟಿಕ್ಕಿನ ಒಳಗೇ ಸುತ್ತುತ್ತಾ ಇರ್ತಿತ್ತು.”

ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅವರಿಗೆ ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿ ಇಟ್ಟೆ. ಆಮೇಲೆ ರಾಜಿಯಾಯಿತು. ತಿರುಗಿಸುವುದಕ್ಕೆ ಎಡ, ಬಲ ಎಂದು ಕನ್ನಡದಲ್ಲೇ ಹೇಳಬೇಕು. ರೈಟ್ ಅಂದರೆ ಬರಬಹುದು. ಹೋಲ್ಡಾನ್ ಅಂದರೆ ನಿಲ್ಲಿಸಬೇಕು. ಈ ಒಪ್ಪಂದದ ಮೇಲೆ ನಾಲ್ಕು ವರ್ಷ ಕಾರು ಎಲ್ಲಿಗೂ ತಗುಲದೆ ಒಳಗೆ ಬಂತು.

ಒಂದು ಸಂಜೆ ಎಂದಿನಂತೆ ಹಿಂದಕ್ಕೆ ತಂದು, ಜಾಗ ಸರಿಹೋಯಿತು ಅನ್ನಿಸಿ ನಿಲ್ಲಿಸಿದೆ. ಎಂಜಿನ್ನೂ ಆಫ್ ಮಾಡಿದೆ. ಮಾವ ಹಿಂದೆ ನಿಂತು “ರೈಟ್... ರೈಟ್... ಬರ್ಲಿ” ಅನ್ನುತ್ತಲೇ ಇದ್ದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಕಾರಿನ ಕಡೆಗೇ ಮುಖ ಮಾಡಿ, ನಿಂತ ಕಾರನ್ನು ಕೈಬೀಸಿ ಕರೆಯುತ್ತಿದ್ದಾರೆ. ಬೀದಿಯಲ್ಲಿ ಯಾವುದೋ ಆಟೋ ನಿಂತು ಬಡಬಡ ಅನ್ನುತ್ತಿತ್ತು, ಆ ಸದ್ದನ್ನೇ ನನ್ನ ಕಾರು ಎಂದುಕೊಂಡಿದ್ದರು. ಮರುದಿನವೇ ಹಟ ಮಾಡಿ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕಣ್ಣಿನ ಡಾಕ್ಟರು ಗ್ಲಾಕೋಮಾ ಅಂದರು. ಒಂದು ಕಣ್ಣು ಹೋಗಿಯೇ ಬಿಟ್ಟಿದೆ, ಇನ್ನೊಂದರಲ್ಲಿ ಬೆಳಕು, ನೆರಳು ಗೊತ್ತಾಗುತ್ತದೆ ಅಷ್ಟೆ, ಹೋದದ್ದು ವಾಪಸ್ಸು ಬರುವುದಿಲ್ಲ ಅಂದರು. ವರ್ಷದಿಂದ ಯಾರಿಗೂ ಹೇಳದೆ ದನಿ, ಸದ್ದಿನ ಮೇಲೇ ಸಂಸಾರ ನಡೆಸಿದ್ದರು ಆಸಾಮಿ. ಕೋಲು ತಂದರೆ ಬಾಗಿಲ ಹಿಂದೆ ಇಟ್ಟರು. ಕೈಹಿಡಿದುಕೊಳ್ಳಲು ಹೋದರೆ ಕೊಡವಿಕೊಂಡರು. “ನಾನೇನು ಮಗೂನಾ?” ಅನ್ನುವುದು ಆಗ ಅವರ ಬಾಯಲ್ಲಿ ಕೂತ ಮಾತು.

ಅವರಿಗೆ ಬೇಕಿದ್ದದ್ದು ಒಂದೇ. ಬೆಳಿಗ್ಗೆ ಆರೂವರೆಗೆ ಗೇಟಿನಾಚೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕೂರಬೇಕು, ಅಲ್ಲಿಗೆ ಒಬ್ಬರೇ ಹೋಗಬೇಕು, ಒಬ್ಬರೇ ಬರಬೇಕು. ಹಾಲಿನವನು, ಸೊಪ್ಪಿನವಳು, ವಾಕಿಂಗ್ ಮುಗಿಸಿ ಬರುವ ಇಬ್ಬರು ರಿಟೈರಾದವರು ಎಲ್ಲ ಅಲ್ಲಿ ನಿಂತು ಮಾತಾಡಿಸುತ್ತಿದ್ದರು. ಅವರ ಪೈಕಿ ಯಾರಿಗೂ ಮಾವನಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಿರಲಿಲ್ಲ. ನಮ್ಮನೆಯವರು ಮೊದಲ ದಿನವೇ ಹೇಳಿಬಿಟ್ಟಿದ್ದರು, “ನೋಡಿ ಅಪ್ಪ, ಒಂದ್ಸಲ ಬಿದ್ರೂ ಮುಂಬಾಗಿಲ ಗ್ರಿಲ್ಲಿಗೆ ಬೀಗ ಹಾಕಿಬಿಡ್ತೀನಿ. ಆಮೇಲೆ ನನ್ನ ಬಯ್ಬೇಡಿ.” ಅವರು ಕೆಟ್ಟವರಲ್ಲ, ಹೆದರಿದ್ದರು.

ಮಾವ ಕಾರನ್ನೇ ಕಂಬಿ ಮಾಡಿಕೊಂಡರು. ಮೆಟ್ಟಿಲಿಳಿದು ಎರಡು ಹೆಜ್ಜೆ, ಬಲಗೈ ಚಾಚಿದರೆ ಕಾರಿನ ಹಿಂಭಾಗ. ಅಲ್ಲಿಂದ ಕಾರಿಗೂ ಮೀಟರಿನ ಗೋಡೆಗೂ ನಡುವೆ ಕೈ ಸವರಿಕೊಂಡು ಹೋದರೆ ಬಾನೆಟ್ಟಿನ ಕೊನೆ. ಅಲ್ಲಿ ಕೈ ಬಿಟ್ಟು ಎರಡು ಹೆಜ್ಜೆ ನೇರ. ಮೂರನೆಯದನ್ನು ಎತ್ತಿ ಇಟ್ಟರೆ ಸಂಪಿನ ಮುಚ್ಚಳದ ಅಂಚು ದಾಟಿದಂತೆ. ಆಮೇಲೆ ಗೇಟಿನ ಚಿಲಕ. ಎಲ್ಲ ಲೆಕ್ಕ ಸರಿ, ಆದರೆ ಕಾರು ದಿನಾ ಅದೇ ಜಾಗದಲ್ಲಿ ನಿಂತಿದ್ದರೆ ಮಾತ್ರ.

ಹಾಗಾಗಿ ನಾನು ಪಾರ್ಕಿಂಗ್ ಕಲಿಯಲು ಎರಡನೇ ಸಲ ಕೂತೆ, ಈ ಸಲ ಹಿಂದೆ ನಿಂತು ಹೇಳುವವರು ಇಲ್ಲದೆ. ಮೊದಲು ಸೂರಿನಿಂದ ದಾರ ಕಟ್ಟಿ ಟೆನಿಸ್ ಚೆಂಡು ಇಳಿಬಿಟ್ಟೆ, ಅದು ಹಿಂದಿನ ಗಾಜಿಗೆ ತಾಗಿದರೆ ನಿಲ್ಲಿಸುವುದು ಎಂದು. ಮರುದಿನ ಬೆಳಿಗ್ಗೆ ಅದು ಮಾವನ ಹಣೆಗೆ ತಾಗಿತು. “ಇದ್ಯಾವ ಹಬ್ಬದ ತೋರಣನಮ್ಮ?” ಅಂದರು. ಕಿತ್ತುಹಾಕಿದೆ. ನೆಲಕ್ಕೆ ಬಣ್ಣದ ಟೇಪು ಅಂಟಿಸಿದೆ, ಕೆಲಸದವಳು ಪೊರಕೆ ಹಾಕಿ ಉಜ್ಜಿ ಮೂರೇ ದಿನಕ್ಕೆ ಎಬ್ಬಿಸಿದಳು. ಕೊನೆಗೆ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಗ್ರಾನೈಟ್ ಪಟ್ಟಿಯನ್ನು ಹಿಂದಿನ ಚಕ್ರಗಳು ನಿಲ್ಲುವ ಜಾಗಕ್ಕೆ ಸಿಮೆಂಟು ಹಾಕಿ ಕೂರಿಸಿದೆವು, ಪಕ್ಕದ ಅಳತೆಗೆ ಹಳದಿ ಪೇಂಟಿನ ಗೆರೆ ಎಳೆದೆವು. ಕನ್ನಡಿಯಲ್ಲಿ ಚಕ್ರ ಮತ್ತು ಗೆರೆಯನ್ನು ನೋಡಿಕೊಂಡು ನಿಧಾನಕ್ಕೆ ಬಂದು, ಪಟ್ಟಿಗೆ ಚಕ್ರ ತಾಗಿ ಕಾರು ಸಣ್ಣಗೆ ಕುಲುಕಿದ ಕೂಡಲೇ ಬ್ರೇಕು, ಹ್ಯಾಂಡ್‌ಬ್ರೇಕು, ಗೋಡೆ ಕಡೆಯ ಕನ್ನಡಿ ಮಡಚುವುದು. ಒಂದು ತಿಂಗಳಿಗೆ ಕೈ ಕೂತಿತು. ಹೊಗಳಿಕೊಳ್ಳುತ್ತೇನೆ ಅನ್ನಬೇಡಿ, ನಮ್ಮ ಬೀದಿಯಲ್ಲಿ ಅಷ್ಟು ಚೊಕ್ಕವಾಗಿ ಕಾರು ನಿಲ್ಲಿಸುವವರು ಇನ್ನೊಬ್ಬರಿರಲಿಲ್ಲ.

ಮಾವ ಬಾಗಿಲಲ್ಲಿ ನಿಂತು ಒಳಗೆ ಕೂಗುತ್ತಿದ್ದರು, “ರೈಟಾ?” ನಾನು ಹೊರಗೆ ಬಂದು, ಕಾರು ನೋಡಿ, “ರೈಟ್” ಅಂದ ಮೇಲೆಯೇ ಅವರು ಮೆಟ್ಟಿಲಿಳಿಯುವುದು. “ನೋಡ್ದೆ ರೈಟ್ ಅಂದ ಕಂಡಕ್ಟರ್‌ನ ನಾನು ಸಸ್ಪೆಂಡ್ ಮಾಡಿಸಿದೀನಿ, ಗೊತ್ತಾ?” ಎಂದು ನನಗೇ ಎಚ್ಚರಿಕೆ ಬೇರೆ. ಎಂಟು ತಿಂಗಳು ಹೀಗೆ ಹೋಯಿತು. ಬರಬರುತ್ತಾ ನಾನು ಹೊರಗೆ ಬರುವುದನ್ನು ಬಿಟ್ಟೆ. ಅಡುಗೆಮನೆಯಿಂದಲೇ “ರೈಟ್ ಮಾವ” ಅನ್ನುತ್ತಿದ್ದೆ. ಕಾರು ಹೇಗಿದ್ದರೂ ಅಲ್ಲೇ ಇರುತ್ತದಲ್ಲ.

ಅದೊಂದು ಶುಕ್ರವಾರ ಸಂಜೆ ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೆಂದು ಬಂದರೆ, ಗೇಟಿನ ಮುಂದೆ ಯಾರದೋ ಕಾರು. ‘ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ’ ಎಂಬ ಬೋರ್ಡಿನ ನೇರ ಕೆಳಗೇ ನಿಲ್ಲಿಸಿ ಹೋಗಿದ್ದ ಪುಣ್ಯಾತ್ಮ. ಹಾರ್ನು ಹೊಡೆದು ಹೊಡೆದು ಹತ್ತು ನಿಮಿಷದ ಮೇಲೆ ಎದುರಿನ ಮನೆಯಿಂದ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಬಂದ.

“ಎರಡೇ ನಿಮಿಷ ಅಲ್ವಾ ಆಂಟಿ, ಯಾಕಿಷ್ಟು ಟೆನ್ಷನ್?”

ಆಂಟಿ ಅಂದದ್ದಕ್ಕೋ ಟೆನ್ಷನ್ ಅಂದದ್ದಕ್ಕೋ, ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಅರ್ಧಂಬರ್ಧ ಮುಂದಕ್ಕೆ ತೆಗೆದ. ನಾನು ಸಿಕ್ಕಿದ ಸಂದಿಯಲ್ಲೇ ಸೊಟ್ಟಗೆ ತಂದು, ಪಟ್ಟಿಗೆ ಒಂದಡಿ ಮುಂದೆಯೇ ನಿಲ್ಲಿಸಿ, ಬಾಗಿಲು ಧಡಾರನೆ ಹಾಕಿ ಒಳಗೆ ಹೋದೆ. ಸರಿ ಮಾಡಬೇಕು ಅನ್ನುವುದು ಗೊತ್ತಿತ್ತು. ಒಂದು ಲೋಟ ಕಾಫಿ ಕುಡಿದು ಹೋಗೋಣ ಅಂದುಕೊಂಡೆ. ಕಾಫಿ ಕುಡಿದೆ, ಆ ಮನುಷ್ಯನ ಬಗ್ಗೆ ಮನೆಯವರಿಗೆಲ್ಲ ಹೇಳಿದೆ, ಕಾರು ಮರೆತೆ.

ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. “ರೈಟಾ?” ಅಂದರು. “ರೈಟ್ ಮಾವ” ಅಂದೆ.

ಬಾನೆಟ್ಟು ಒಂದಡಿ ಮುಂದಿತ್ತು. ಎರಡನೇ ಹೆಜ್ಜೆಗೇ ಮುಚ್ಚಳದ ಅಂಚು ಸಿಕ್ಕಿತು. ಗೇಟಿಗೆ ಹಣೆ ಬಡಿದ ಸದ್ದು ಒಳಗಿನವರೆಗೆ ಕೇಳಿತು. ಓಡಿ ಹೋಗಿ ನೋಡಿದರೆ ನೆಲದಲ್ಲಿ ಕೂತಿದ್ದಾರೆ, ಹುಬ್ಬಿನ ಮೇಲಿಂದ ರಕ್ತ, ಎಡ ಮಣಿಕಟ್ಟು ಆಗಲೇ ಊದಿಕೊಂಡಿತ್ತು. ನನಗೆ ಕಾರು ಕಂಡಿತು. ಅವರಿಗೂ ಗೊತ್ತಾಗಿತ್ತು, ಬಲಗೈ ಬಂಪರಿನ ಮೇಲೇ ಇತ್ತು. ಹಿಂದೆಯೇ ಓಡಿ ಬಂದ ನಮ್ಮನೆಯವರು “ಏನಾಯ್ತಪ್ಪ?” ಅಂದರು.

“ಪಂಚೆ ಕಾಲಿಗೆ ಸಿಕ್ತು ಕಣೋ. ನಂದೇ ತಪ್ಪು.”

ನಾನು ಬಾಯಿ ತೆಗೆಯಲಿಲ್ಲ. ಆಸ್ಪತ್ರೆಗೆ ಅದೇ ಕಾರಿನಲ್ಲಿ ಹೋದೆವು, ಆದ್ದರಿಂದ ಅದು ಎಲ್ಲಿ ನಿಂತಿತ್ತು ಎಂದು ನೋಡುವುದಕ್ಕೂ ಏನೂ ಉಳಿಯಲಿಲ್ಲ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು, ಪ್ಲಾಸ್ಟರ್ ಹಾಕಿದರು. ಅವತ್ತು ಸಂಜೆಯೇ ಗ್ರಿಲ್ಲಿಗೆ ಬೀಗ ಬಂತು.

ಹನ್ನೊಂದು ದಿನ ಸುಮ್ಮನಿದ್ದೆ. ಮಾವ ಆರೂವರೆಗೆ ಸ್ನಾನ, ಪೂಜೆ ಮುಗಿಸಿ, ಗ್ರಿಲ್ಲಿನ ಒಳಗೆ ಕುರ್ಚಿ ಹಾಕಿಕೊಂಡು ಬೀದಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಸೊಪ್ಪಿನವಳು ಗೇಟಿನಿಂದಲೇ “ಯಾಕ್ ತಾತ, ಆಚೆ ಬರಾಕಿಲ್ವಾ?” ಅಂದರೆ “ಕೈ ನೋವಮ್ಮ” ಅನ್ನುತ್ತಿದ್ದರು. ಒಂದು ಸಲವೂ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ. ಬೇರೆಯವರ ಮೇಲೆ ಅಷ್ಟು ಹಾರಾಡುವವಳಿಗೆ ತನ್ನ ತಪ್ಪು ಹೇಳಲು ನಾಲಿಗೆ ಹೊರಳಲಿಲ್ಲವಲ್ಲ ಎಂದು ನಾಚಿಕೆಯಾಗುತ್ತಿತ್ತು.

ಹನ್ನೆರಡನೇ ದಿನ ಹೇಳಿದೆ. “ರೀ, ಅವತ್ತು ಪಂಚೆ ಅಲ್ಲ. ಕಾರು ನಾನು ಸೊಟ್ಟಗೆ ನಿಲ್ಲಿಸಿದ್ದೆ. ನೋಡದೆ ರೈಟ್ ಅಂದುಬಿಟ್ಟೆ.”

ನಮ್ಮನೆಯವರು ಬಯ್ಯುತ್ತಾರೆ ಅಂದುಕೊಂಡಿದ್ದೆ. “ಅವರ್‍ಯಾಕೆ ಪಂಚೆ ಅಂದ್ರು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗ್ರಿಲ್ಲಿನ ಕೀ ತಂದು ನನ್ನ ಕೈಗೆ ಕೊಟ್ಟರು.

ಮರುದಿನ ಆರು ಗಂಟೆಗೇ ಎದ್ದು ಕಾರಿನ ಹತ್ತಿರ ಹೋದೆ. ಚಕ್ರ ಪಟ್ಟಿಗೆ ತಾಗಿತ್ತು, ಗೆರೆಯ ಪಕ್ಕ ನೇರವಾಗಿತ್ತು, ಕನ್ನಡಿ ಮಡಚಿತ್ತು. ಸಮಾಧಾನವಾಗದೆ ಟೇಪು ತಂದು ಅಳೆದೂ ನೋಡಿದೆ. ಆಮೇಲೆ ಬೀಗ ತೆಗೆದು, “ಬನ್ನಿ ಮಾವ” ಅಂದೆ.

ಅವರು ಹೊಸ್ತಿಲವರೆಗೆ ಬಂದರು. ಅಲ್ಲಿ ನಿಂತರು.

“ಯಾಕಮ್ಮ ಅವನಿಗೆ ಹೇಳೋಕೆ ಹೋದೆ?”

“ಹೇಳ್ದೆ ಇರೋಕಾಗ್ಲಿಲ್ಲ ಮಾವ. ಬನ್ನಿ. ಕಾರು ಒಂದು ನೂಲೂ ಆಚೀಚೆ ಇಲ್ಲ, ಟೇಪ್ ಹಿಡಿದು ನೋಡಿದೀನಿ.”

“ಇರಲ್ಲ. ನೀನು ನೋಡಿರ್ತೀಯ.” ಕಾಲು ಮಾತ್ರ ಹೊಸ್ತಿಲು ಬಿಟ್ಟು ಇಳಿಯಲಿಲ್ಲ. “ನಿಂಗೆ ಕಾಣತ್ತೆ. ನಂಗೆ ಕಾಣಲ್ವಲ್ಲಮ್ಮ. ಭಯ ಆಗತ್ತೆ.”

ನಾನು ಈ ಮನೆಗೆ ಬಂದ ಇಪ್ಪತ್ತಮೂರು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅವರು ಬಲಗೈಯನ್ನು ಮುಂದೆ ಚಾಚಿ, ಗಾಳಿಯಲ್ಲಿ ಸ್ವಲ್ಪ ತಡಕಾಡಿ, ನನ್ನ ಕೈ ಹುಡುಕಿಕೊಂಡರು. ಆ ಸಂದಿಯಲ್ಲಿ ಇಬ್ಬರು ಪಕ್ಕಪಕ್ಕ ಹೋಗಲು ಜಾಗವಿಲ್ಲ. ನಾನು ಅವರ ಕಡೆ ಮುಖ ಮಾಡಿ ಹಿಂದೆ ಹಿಂದೆ ನಡೆದೆ, ಅವರು ಗಟ್ಟಿಯಾಗಿ ಹಿಡಿದುಕೊಂಡು ಬಂದರು. ಗೇಟಿನವರೆಗೂ ಒಂದು ಸಲವೂ ಕಾರನ್ನು ಮುಟ್ಟಲಿಲ್ಲ.