ಬಾರದವರ ಪಾಲು

ಜೋಳದ ರೊಟ್ಟಿ ಆರಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೇ ನಾನು ಬಿಸಿ ಇರುವಾಗಲೇ ನಾಲ್ಕು ಮಡಿಕೆ ಮಾಡಿ ಬಿಳಿ ಅರಿವೆಯಲ್ಲಿ ಸುತ್ತಿಡುತ್ತೇನೆ. ಈ ಪರದೇಶದಲ್ಲಿ, ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಕನ್ನಡ ಪ್ರಾರ್ಥನೆ ಮುಗಿದ ಮೇಲೆ ಉಣ್ಣುವ ರೊಟ್ಟಿ ಇದು. ಚರ್ಚಿನಲ್ಲಿ ಕೊಡುವ ಪ್ರಭುಭೋಜನವಲ್ಲ, ಅದಕ್ಕೆ ಪಾದ್ರಿ ಬೇಕು. ಬರೀ ಊಟ. ಆದರೆ ಅಂದು ಬಾರದವರ ಪಾಲು ತೆಗೆದಿಟ್ಟು ಅವರ ಮನೆಗೆ ಮುಟ್ಟಿಸುವುದು ಗದಗಿನಲ್ಲಿ ನಮ್ಮವ್ವನ ಕಾಲದಿಂದ ಬಂದ ಪದ್ಧತಿ.

ಈಗ ಬರುವವರಿಗಿಂತ ಬಾರದವರೇ ಹೆಚ್ಚು. ಕೆಲವರು ಪ್ಲೆಸೆಂಟನ್ನಿಗೆ ಮನೆ ಬದಲಿಸಿದರು, ಕೆಲವರಿಗೆ ಇಂಗ್ಲಿಷ್ ಚರ್ಚಿನ ಗಿಟಾರು ಹಿಡಿಸಿತು, ಕೆಲವರು ಸತ್ತರು. ಕಡೆಗೆ ಉಳಿದದ್ದು ನಾನು ಮತ್ತು ಬೆರ್ರಿಯೆಸಾದ ಶಾಂತಕ್ಕ. ಆಕೆಗೂ ಮರೆವಿನ ರೋಗ ಬಂದು ಕಾಲು ಹೊರಗಿಡುವುದು ನಿಂತಿತು. ಒಬ್ಬಳೇ ಕೂತರೆ ಅದು ಕೂಟವಲ್ಲ. ಆಕೆಯನ್ನು ಮತ್ತೆ ಕರೆತರಲಾದೀತೇ ನೋಡೋಣವೆಂದು ಹೋದ ಭಾನುವಾರ ರೊಟ್ಟಿ ಹಿಡಿದು ಮೊಮ್ಮಗಳು ನಿಶಾಳ ಕಾರು ಹತ್ತಿದೆ.

ನಿಶಾ ಕಾಲೇಜಿನಲ್ಲಿ ಚರಿತ್ರೆ ಓದುತ್ತಾಳೆ. ಫ್ರೀವೇ ತುಂಬ ಆಕೆ ಹೇಳಿದ್ದು ಬಿಥೂನ್ಯದ ಕಥೆ. ಅದು ಕಪ್ಪು ಸಮುದ್ರದ ದಂಡೆಯ ಹಳೆಯ ರೋಮನ್ ಪ್ರಾಂತ. ಅಲ್ಲಿನ ನಮ್ಮವರು, ಅಂದರೆ ಆ ಕಾಲದ ಕ್ರೈಸ್ತರು, ನಸುಕಿನಲ್ಲಿ ಕೂಡಿ ಹಾಡುತ್ತಿದ್ದರಂತೆ, ಆಮೇಲೆ ಸಾದಾ ಊಟ ಮಾಡುತ್ತಿದ್ದರಂತೆ. ರೋಮಿನ ಅಧಿಕಾರಿಯೊಬ್ಬ ಅವರನ್ನು ಹಿಡಿಸಿ, ಆ ಕೂಟದ ಸೇವಕಿಯರಾಗಿದ್ದ ಇಬ್ಬರು ಆಳುಹೆಣ್ಣುಗಳಿಗೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಲು ನೋಡಿದನಂತೆ.

"ಆ ಟೈಮಲ್ಲೂ ಬರದೇ ಇದ್ದೋರಿಗೆ ಬ್ರೆಡ್ ಕಳಿಸ್ತಿದ್ರು ಅಜ್ಜಿ. ಸೇಮ್ ನಿನ್ನ ಥರಾನೇ!"

"ಅದಿರಲಿ. ಹಿಡದಾಗ ಎಲ್ಲಾರೂ ಗಟ್ಟಿ ನಿಂತ್ರೇನು?"

"ನೋ. ಕೆಲವ್ರು, ನಾವು ಬಿಟ್ಟು ತುಂಬಾ ವರ್ಷ ಆಯ್ತು ಅಂದ್ರಂತೆ."

ನೋಡಿ, ನಂಬಿಕೆಗಾಗಿ ಸತ್ತವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ತಲೆ ಹೊಕ್ಕವರು ಈ ಬಿಟ್ಟವರು. ಕತ್ತಿಗೆ ಹೆದರಿ ಬಿಟ್ಟವರಲ್ಲ, ಕತ್ತಿ ಬರುವುದಕ್ಕೆ ಎಷ್ಟೋ ಮೊದಲೇ ಬಿಟ್ಟವರು. ಒಂದು ವಾರ ಮಗುವಿಗೆ ಜ್ವರ, ಇನ್ನೊಂದು ವಾರ ಮಳೆ, ಆಮೇಲೆ ಇಷ್ಟು ದಿನ ಹೋಗಿಲ್ಲ ಎಂಬ ನಾಚಿಕೆ, ಕಡೆಗೆ ಆ ನಾಚಿಕೆಯೂ ಹಳತಾಗಿ ಬಾಗಿಲು ತಾನಾಗಿ ಮುಚ್ಚಿಕೊಂಡಿರಬೇಕು. ನಮ್ಮನ್ನಂತೂ ಇಲ್ಲಿ ಯಾರೂ ಹಿಡಿಯಲಿಲ್ಲ, ಬಡಿಯಲಿಲ್ಲ. ಆದರೂ ಕರಗಿದೆವು.

ಶಾಂತಕ್ಕ ಕಿಟಕಿಯ ಬಳಿ ಕೂತಿದ್ದಳು. ಆಕೆಯ ಸೊಸೆ ಬಾಗಿಲು ತೆಗೆದು ಸರಿದು ನಿಂತಳು.

"ಶಾಂತಕ್ಕಾ, ಪ್ರಾರ್ಥನಿ ರೊಟ್ಟಿ ತಂದೀನಿ."

"ಯಾವ ಪ್ರಾರ್ಥನಿ? ಅದನ್ನೆಲ್ಲಾ ಬಿಟ್ಟು ಭಾಳ ವರ್ಷ ಆತವ್ವಾ. ನೀ ಯಾರ ಪೈಕಿ?"

ನಿಶಾ ನನ್ನ ಕೈ ಹಿಡಿದಳು. ನಾನು ಕೈ ಬಿಡಿಸಿಕೊಂಡು ರೊಟ್ಟಿ ಮುರಿದೆ.

"ರೊಟ್ಟಿ ಪೈಕಿ. ಬಾಯಿ ತಗಿ."

ಆಕೆ ಬಹಳ ಹೊತ್ತು ಅಗಿದಳು. "ದಪ್ಪ ಆಗೇದ. ಬಡಿಯೂ ಕೈ ಸೋತಾವೇನು?"

"ನಿನ್ನ ನಾಲಿಗಿ ಮಾತ್ರ ಸೋತಿಲ್ಲ ನೋಡು."

ನಕ್ಕಳು. ನನ್ನ ಗುರುತು ಸಿಕ್ಕು ನಕ್ಕದ್ದಲ್ಲ.

ಕಾರಿನಲ್ಲಿ ನಿಶಾ ಅತ್ತಳು. ನನಗೆ ಅಳು ಬರಲಿಲ್ಲ. ಮುಂದಿನ ವಾರದಿಂದ ಮನೆಯಲ್ಲಿ ಕೂಟವಿಲ್ಲ, ನಿಮ್ಮಪ್ಪನಿಗೆ ಹೇಳು ಎಂದೆ.

"ಹಾಗಾದ್ರೆ ರೊಟ್ಟಿನೂ ಸ್ಟಾಪಾ ಅಜ್ಜಿ?"

"ಯಾಕ? ಕೂಡೋರು ಇಲ್ಲ ಖರೆ. ಬಾರದವರು ಅದಾರಲ್ಲ."