ಮಾಂಯ್ ಅವರ ಜಪಮಾಲೆ ಮತ್ತು ಜೆಪ್ಪುವಿನ ಭಟ್ಟಿ

ಮೊನ್ನೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ವಿಷಯ, ಅಂಗಡಿ ಕಾರ್ಖಾನೆಗಳಲ್ಲಿ ಇಂಧನ ಉಳಿಸುವುದು ಹೇಗೆ ಎಂದು. ಸಭಾಂಗಣದ ಏಸಿ ಎಷ್ಟು ಜೋರಾಗಿತ್ತೆಂದರೆ, ಉಳಿತಾಯದ ಮಾತು ಕೇಳುತ್ತಾ ನಾನು ಕಿವಿಗೆ ಕರ್ಚೀಫು ಕಟ್ಟಿಕೊಂಡೆ. ನಡುವೆ ಚಹಾದ ಜೊತೆ ಬಿಸಿ ಬನ್ನು ಕೊಟ್ಟರು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಉಪನ್ಯಾಸಕರನ್ನು ಅಲ್ಲೇ ಬಿಟ್ಟು ನಾನು ಮನಸ್ಸಿನಲ್ಲೇ ಕರಾವಳಿಯ ಜೆಪ್ಪು ಪೇಟೆಗೆ ಹೋಗಿಬಿಟ್ಟೆ.

ಅರವತ್ತರ ದಶಕದ ಆರಂಭ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು, ಸಿಸಿಲಿಬಾಯಿಯ ಬೇಕರಿಯ ಅಟ್ಟದಲ್ಲಿ ಬಾಡಿಗೆಗಿದ್ದೆ. ಕೆಳಗೆ ಬ್ರೆಡ್ ಬೇಯಿಸುವ ಸೌದೆಯ ಭಟ್ಟಿ. ಮಳೆಗಾಲದಲ್ಲಿ ನನ್ನಷ್ಟು ಸುಖಿ ಊರಲ್ಲಿ ಯಾರೂ ಇರಲಿಲ್ಲ. ಏಪ್ರಿಲಿನಲ್ಲಿ ಮಾತ್ರ, ಬ್ರೆಡ್ಡಿನ ಜೊತೆ ನಾನೂ ಬೇಯುತ್ತಿದ್ದೆ.

ಸಿಸಿಲಿಬಾಯಿ ವಿಧವೆ. ಗಂಡ ಜುವಾಂವ್ ತೀರಿಕೊಂಡ ಮೇಲೆ ಅತ್ತೆಯನ್ನು ಕಟ್ಟಿಕೊಂಡು ಬೇಕರಿ ನಡೆಸುತ್ತಿದ್ದರು. ಅತ್ತೆಯನ್ನು ಅವರು ಮಾಂಯ್ ಎನ್ನುತ್ತಿದ್ದರು, ಕ್ರಮೇಣ ನಾನೂ. ಸೌದೆಯ ಬೆಲೆ ಏರುತ್ತಲೇ ಇತ್ತು. ಹೀಗೇ ಆದರೆ ಈಸ್ಟರ್ ಕಳೆದು ಬಾಗಿಲು ಹಾಕುವುದೇ ಎಂದು ಸಿಸಿಲಿಬಾಯಿ ಒಂದು ದಿನ ಹೇಳಿಯೇಬಿಟ್ಟರು.

ಆಗ ಬಂದರು ಅವರ ಅಣ್ಣ ಲಾದ್ರು. ಬೊಂಬಾಯಿಯ ಮಿಲ್ಲಿನ ಬಾಯ್ಲರ್ ಪಕ್ಕ ಆಯುಷ್ಯ ಕಳೆದವರು. ಬಂದವರೇ ಭಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಬೆಂದಿತಾ ಅಂತ ಪ್ರತಿ ಸಲ ಬಾಗಿಲು ತೆಗೆದು ನೋಡುವುದು ಎಂತಕ್ಕೆ ಮಾರಾಯ್ತಿ? ಶಾಖವೆಲ್ಲ ಹೊರಗೆ ಹೋಗ್ತದೆ. ಒಮ್ಮೆ ಮುಚ್ಚಿದ ಮೇಲೆ ಬೇಯುವವರೆಗೆ ತೆಗೀಬಾರದು!"

"ಬೆಂದದ್ದು ಗೊತ್ತಾಗುವುದು ಹೇಗೆ?"

ಮನೆಯ ಗಡಿಯಾರ ಮನಸ್ಸು ಬಂದಾಗ ಮಾತ್ರ ನಡೆಯುವ ಜಾತಿಯದು. ಮಾಂಯ್ ಮಾತ್ರ ದಿನಾ ಬೆಳಿಗ್ಗೆ ಭಟ್ಟಿಯ ಪಕ್ಕದಲ್ಲೇ ಕೂತು ದೇವಮಾತೆಯ ಜಪಮಾಲೆ ಎಣಿಸುತ್ತಿದ್ದರು. ಜಪ ಮುಗಿದಾಗ ಬ್ರೆಡ್ ಹೊರಗೆ ಎಂದು ಲಾದ್ರು ಕಾನೂನು ಮಾಡಿದರು. ಹೀಗೆ ದೇವಮಾತೆಗೆ ಬೇಕರಿಯಲ್ಲಿ ಸಂಬಳವಿಲ್ಲದ ಕೆಲಸ ಸಿಕ್ಕಿತು.

ಮೊದಲ ದಿನವೇ ಬ್ರೆಡ್ ಸೀದುಹೋಯಿತು. ಮರುದಿನವೂ ಅದೇ ಕಥೆ. ದಿನಾ ಹೆಚ್ಚಿನ ಬ್ರೆಡ್ ಕೊಳ್ಳುತ್ತಿದ್ದ ಪಕ್ಕದ ಫಳ್ನೀರಿನ ಹೋಟೆಲಿನವನು ಬುಟ್ಟಿ ಸಮೇತ ವಾಪಸ್ ಬಂದ. "ಇದೆಂತ ಸಿಸಿಲಿಬಾಯಿ, ಬ್ರೆಡ್ಡಾ ಇದ್ದಿಲಾ? ಹೀಗಾದ್ರೆ ನಾನು ಬೇರೆ ಕಡೆ ನೋಡ್ತೇನೆ." ಅವನು ಹೋದರೆ ಬೇಕರಿಯೂ ಹೋದಂತೆಯೇ.

ತಪ್ಪು ಎಲ್ಲಿ ಎಂದು ನೋಡಿದರೆ, ಜಪ ಮುಗಿದ ಮೇಲೆ ಮಾಂಯ್ ಸತ್ತವರಿಗಾಗಿ ಬೇರೆ ಪ್ರಾರ್ಥನೆ ಹೇಳುತ್ತಿದ್ದರು. ಕುಲಶೇಖರ ಊರಿನ ಅಜ್ಜನಿಂದ ಶುರುವಾಗಿ ಮಗ ಜುವಾಂವ್‌ನ ಹೆಸರಿಗೆ ಬಂದರೆ ಅಲ್ಲೇ ನಿಂತುಬಿಡುತ್ತಿದ್ದರು. ಅಷ್ಟು ಹೊತ್ತೂ ಭಟ್ಟಿಯ ಬಾಗಿಲು ಮುಚ್ಚಿಯೇ ಇರುತ್ತಿತ್ತು.

"ಮಾಂಯ್, ಸತ್ತವರದ್ದು ಬ್ರೆಡ್ ತೆಗೆದ ಮೇಲೆ ಹೇಳಬಹುದಲ್ಲ?" ಎಂದರು ಲಾದ್ರು.

"ಅಷ್ಟು ಹೊತ್ತು ಜುವಾಂವ್ ಕಾಯ್ತಾ ಕೂತಿರ್ಬೇಕಾ?"

ಲಾದ್ರು ನನ್ನ ಮುಖ ನೋಡಿದರು. ನಾನು ಓದಿದವನಂತೆ ತಲೆಯೆತ್ತಿ ಮಾಡಿನ ಹೆಂಚು ನೋಡಿದೆ.

ಮರುದಿನ ಸಿಸಿಲಿಬಾಯಿ ಭಟ್ಟಿಗೆ ಒಡ್ಡಿದ್ದ ಸೌದೆಯಲ್ಲಿ ಒಂದಷ್ಟನ್ನು ಹೊರಗೆ ಎಳೆದು ಹಾಕಿದರು. "ಬೆಂಕಿ ಕಮ್ಮಿ ಮಾಡುವ. ಪ್ರಾರ್ಥನೆ ಕಮ್ಮಿ ಮಾಡುವುದು ಬೇಡ" ಎಂದರು. ಸಣ್ಣ ಶಾಖದಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಬ್ರೆಡ್ ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿತು. ಹೋಟೆಲಿನವನು ತಣ್ಣಗಾದ. ಸೌದೆಯ ರಾಶಿ ಬೇಗ ಕರಗುವುದು ನಿಂತಿತು. ಈಸ್ಟರ್ ಬಂತು, ಹೋಯಿತು, ಬಾಗಿಲು ತೆರೆದೇ ಇತ್ತು. ಎಲ್ಲ ತನ್ನ ಬೊಂಬಾಯಿ ಬುದ್ಧಿ ಎಂದು ಲಾದ್ರು ಜೆಪ್ಪು ತುಂಬ ಹೇಳಿಕೊಂಡು ಬಂದರು.

ಮುಂದಿನ ಮಳೆಗಾಲದಲ್ಲಿ ಮಾಂಯ್ ತೀರಿಕೊಂಡರು. ಬೇಕರಿ ಮತ್ತೆ ತೆರೆದ ದಿನ ಜಪಮಾಲೆ ಹಿಡಿದು ಕೂತವರು ಸಿಸಿಲಿಬಾಯಿ. ಜಪ ಮುಗಿಯಿತು, ಬಾಗಿಲು ತೆಗೆದರು. ಒಳಗೆಲ್ಲ ಹಸಿ ಹಿಟ್ಟು.

"ನಾಳೆ ಸೌದೆ ಜಾಸ್ತಿ ಹಾಕುವ" ಎಂದರು ಲಾದ್ರು.

"ಬೇಡ. ಸತ್ತವರ ಹೆಸರು ಹೇಳ್ಲಿಕ್ಕೆ ಬಾಕಿ ಉಂಟು."

ಗಂಡ ಹೋದ ಮೇಲೆ ಅವರು ಅವನ ಹೆಸರೆತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅದನ್ನು ಮಾಂಯ್ ಪಾಲಿಗೆ ಬಿಟ್ಟಿದ್ದರು. ಮರುದಿನ ಅಟ್ಟದಲ್ಲಿ ಮಲಗಿದ್ದವನಿಗೆ ಕೇಳಿಸಿತು: ಅಜ್ಜನ ಹೆಸರು, ಆಮೇಲೆ ಮತ್ತೊಮ್ಮೆ ಅಜ್ಜನದೇ ಹೆಸರು, ಆಮೇಲೆ ಜುವಾಂವ್, ಆಮೇಲೆ ಮಾಂಯ್. ನಾನು ಮಗ್ಗುಲು ಬದಲಿಸಿ ಅತ್ತುಬಿಟ್ಟೆ. ಆ ದಿನದ ಬ್ರೆಡ್ ಎಲ್ಲೂ ಹಸಿಯಿರಲಿಲ್ಲ, ಎಲ್ಲೂ ಸೀದಿರಲಿಲ್ಲ.

ನಿನ್ನೆ ಮನೆಯಲ್ಲಿ ಗಂಜಿಗೆ ಇಟ್ಟೆ. ಈಗ ಒಬ್ಬನೇ ತಾನೇ, ಯಾವಾಗಲೂ ಉರಿ ಜೋರು ಮಾಡಿ ಬೇಗ ಮುಗಿಸಿಬಿಡುವವನು ನಾನು. ನಿನ್ನೆ ಉರಿ ತಗ್ಗಿಸಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡೆ. ಪ್ರಾರ್ಥನೆ ನನಗೆ ಒಂದೂ ಬಾರದು, ಹೆಸರುಗಳು ಬರುತ್ತವೆ. ಜುವಾಂವ್, ಮಾಂಯ್, ಲಾದ್ರು, ಸಿಸಿಲಿಬಾಯಿ. ಕೊನೆಗೆ ನನ್ನ ಹೆಂಡತಿಯ ಹೆಸರು ಹೇಳಿದೆ. ಅವಳು ಹೋದ ಮೇಲೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.